ಐದು ಗಂಟೆಗೆ ಎದ್ದು ಹೋಗುವವನು

ಒಂದಾನೊಂದು ಕಾಲದಲ್ಲಿ, ಮೆಕಾಂಗ್ ನದಿಯ ದಂಡೆಯ ನೊಂಗ್ ಖಾಯ್ ಊರಿನಲ್ಲಿ, ಮಧ್ಯಾಹ್ನ ಎರಡರಿಂದ ಐದರವರೆಗೆ ಯಾರೂ ಮದ್ಯ ಮಾರಬಾರದೆಂಬ ಕಾನೂನಿದ್ದ ಕಾಲದಲ್ಲಿ, ಒಬ್ಬ ಮಗ ತನ್ನ ತಾಯಿಗೊಂದು ಮಾತು ಕೊಟ್ಟಿದ್ದ. ಏನು ಮಾತು ಅಂತ ಯಾರಿಗೂ ಗೊತ್ತಿರಲಿಲ್ಲ.

ಸೈಪಿನ್‌ಗಂತೂ ಅವನ ಹೆಸರೇ ಗೊತ್ತಿರಲಿಲ್ಲ. ಅವಳು ತನ್ನ ಪುಟ್ಟ ಹೋಟೆಲಿನ ಬಿಯರ್ ಫ್ರಿಜ್ಜಿಗೆ ಬೀಗ ಹಾಕುತ್ತಿದ್ದಾಗ ಹಿಂದೆ ಯಾರೋ ಬಂದು ನಿಂತರು.

"ಎರಡು ಗಂಟೆ ಆಯ್ತು. ಬಿಯರ್ ಸಿಗಲ್ಲ!" ಎಂದಳು ತಿರುಗದೆಯೇ.

"ಗೊತ್ತು. ಅದಕ್ಕೇ ಬಂದೆ."

ತಿರುಗಿದಳು. ಹೆಗಲಲ್ಲಿ ಬಿದಿರ ಕೊಳವೆಗಳ ಕಟ್ಟು, ಕಣ್ಣಲ್ಲಿ ತುಂಟ ನಗು... ಅವಳ ಎದೆ ಯಾಕೋ ತಾಳ ತಪ್ಪಿತು.

ಅವನ ಹೆಸರು ಖಮ್‌ಪಾನ್. ಊದುವ ವಾದ್ಯ ಮಾಡುವವನು. ದಿನಾ ಬರುತ್ತಿದ್ದ. ನಿಂಬೆಹುಲ್ಲಿನ ಚಹಾ ಕುಡಿಯುತ್ತ ಬಿದಿರು ಕೆತ್ತುತ್ತಿದ್ದ. ಐದಾಗುತ್ತಲೇ, ಬೀಗ ತೆಗೆಯುವ ಸದ್ದಿಗೇ ಬೆದರಿದವನಂತೆ ಎದ್ದು ಹೋಗುತ್ತಿದ್ದ.

"ಅಬಕಾರಿಯವನು ಕಣೇ! ಬಿದಿರು ಬರೀ ವೇಷ!" ಎಂದಳು ಅಡುಗೆಯ ಬುವಾಲೈ ದೊಡ್ಡಮ್ಮ.

"ಅಷ್ಟು ಚೆಂದ ನಗೋ ಅಬಕಾರಿಯವನಾ?"

"ಓಹೋ... ನಗೂನೂ ಅಳೆದಾಯ್ತಾ?"

ಸೈಪಿನ್ ಕೆಂಪಾದಳು. 'ಬಾಯಾರಿದವನೇ ಇರಬೇಕು... ಕೇಳೋಕೆ ಸಂಕೋಚ, ಪಾಪ' ಎಂದುಕೊಂಡಳು. ಪಕ್ಕದ ಹೋಟೆಲಿನವರೆಲ್ಲ ಮಾಡುವ ಉಪಾಯ ಅವಳಿಗೆ ಗೊತ್ತಿತ್ತು. ಒಂದು ದಿನ ಚಹಾದ ಕೆಟಲಿನಲ್ಲಿ ಬಿಯರ್ ತುಂಬಿ ಅವನ ಮುಂದಿಟ್ಟಳು. ಯಾರಿಗೂ ಮಾಡದ ತಪ್ಪು, ಅವನಿಗಾಗಿ!

ಅವನು ಲೋಟಕ್ಕೆ ಬಗ್ಗಿಸಿದ. ನೊರೆ ಎದ್ದಿತು. ಅವನ ಮುಖ ಬಿಳಿಚಿಕೊಂಡಿತು. ಬಿದಿರನ್ನೂ ಬಿಟ್ಟು ಓಡಿಯೇ ಹೋದ!

"ಮುಗೀತು! ಲೈಸೆನ್ಸ್ ನೀರಲ್ಲಿ ಹೋಯ್ತು!" ದೊಡ್ಡಮ್ಮ ತಲೆ ಚಚ್ಚಿಕೊಂಡಳು.

ಆದರೆ ಯಾವ ಅಧಿಕಾರಿಯೂ ಬರಲಿಲ್ಲ. ಅವನೂ ಬರಲಿಲ್ಲ. ಆ ಖಾಲಿ ಮೇಜನ್ನು ನೋಡಿದಾಗಲೆಲ್ಲ, ತಾನು ಹೆದರುತ್ತಿರುವುದು ಲೈಸೆನ್ಸಿಗಲ್ಲ ಎಂದು ಸೈಪಿನ್‌ಗೆ ಅರ್ಥವಾಗತೊಡಗಿತು.

ಬಿದಿರ ಕಟ್ಟು ಹೊತ್ತು, ದಾರಿ ಕೇಳುತ್ತ ಅವನ ಗುಡಿಸಲಿಗೆ ಹೋದಳು.

"ನೀವು ಯಾರು? ನಿಜ ಹೇಳಿ!"

"ಕುಡುಕ..." ಎಂದ ತಲೆ ತಗ್ಗಿಸಿ. "ಹೋದ ವರ್ಷ ಮೇಳದ ವೇದಿಕೆ ಮೇಲೇ ಬಿದ್ದಿದ್ದೆ. ಅಮ್ಮ ಎಲ್ಲರೆದುರು ನನ್ನ ಎತ್ತಿಕೊಂಡು ಹೋದ್ಲು. ಈ ಸಲ ಮಳೆಗಾಲದ ಮೂರು ತಿಂಗಳ ವ್ರತ ಮುಗಿಯೋವರೆಗೂ ತೊಟ್ಟೂ ಮುಟ್ಟಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ."

"ಹಾಗಿದ್ರೆ ನನ್ನ ಹೋಟೆಲಿಗೆ ಯಾಕೆ ಬಂದ್ರಿ?"

"ಗೆಳೆಯರ ಮನೆಗೆ ಹೋದ್ರೆ ಬಾಟಲಿ ತೆಗೀತಾರೆ. ನಿಮ್ಮಲ್ಲಿ ಆ ಮೂರು ಗಂಟೆ ಇಡೀ ಊರೇ ನನ್ನ ಜೊತೆ ವ್ರತ ಹಿಡಿದ ಹಾಗೆ ಇರುತ್ತೆ..."

ಸೈಪಿನ್ ಕಣ್ಣು ತುಂಬಿತು. "ಅಯ್ಯೋ! ಅಲ್ಲೂ ನಾನೇ ಬಿಯರ್ ತಂದಿಟ್ಟೆ..."

"ಕುಡೀಲಿಲ್ಲ. ಆದ್ರೆ ಕೈ ಮುಂದೆ ಹೋಗಿತ್ತು. ಅದಕ್ಕೇ ಓಡಿದೆ."

"ನಾಳೆ ಬನ್ನಿ," ಎಂದಳು ಅವಳು. "ಐದಾದ್ರೂ ಏಳ್ಬೇಡಿ. ವ್ರತ ಮುಗಿಯೋ ಹುಣ್ಣಿಮೆವರೆಗೆ ನನ್ನ ಫ್ರಿಜ್ಜಿನ ಬೀಗ ತೆಗೆಯಲ್ಲ."

"ವ್ಯಾಪಾರ?"

"ದೊಡ್ಡಮ್ಮ ಬೈತಾಳೆ. ಬೈಸ್ಕೋತೀನಿ."

ದೊಡ್ಡಮ್ಮ ಬೈದಳು, ನಿಜ. ಬಿಯರ್ ಕೇಳಿಕೊಂಡು ಬಂದವರೆಲ್ಲ ಗೊಣಗುತ್ತ ಪಕ್ಕದ ಹೋಟೆಲಿಗೆ ಹೋದರು. ಆದರೆ ಖಮ್‌ಪಾನ್‌ನ ತಟ್ಟೆಗೆ ದೊಡ್ಡಮ್ಮನ ಕೈಯಿಂದಲೇ ದಿನಾ ಒಂದು ಹುರಿದ ಮೀನು ಹೆಚ್ಚಿಗೆ ಬೀಳುತ್ತಿತ್ತು!

ಹುಣ್ಣಿಮೆ ಬಂತು. ಆ ಪವಿತ್ರ ದಿನ ದೇಶದಲ್ಲೆಲ್ಲೂ ಮದ್ಯ ಮಾರುವಂತಿಲ್ಲ. ಪಕ್ಕದ ಹೋಟೆಲೂ ಖಾಲಿ. ಸಂಜೆ ದೀಪದ ದೋಣಿಗಳು ನದಿಗಿಳಿದವು. ಖಮ್‌ಪಾನ್ ತಾಯಿಯ ಕೈಹಿಡಿದು ಬಂದು ತನ್ನ ಮೇಜಿನ ಬಳಿ ಕೂರಿಸಿದ. ಸೈಪಿನ್ ಚಹಾ ತಂದಿಟ್ಟಳು.

"ಇವಳೇನಾ ಬೀಗದ ಹುಡ್ಗಿ?" ಮುದುಕಿ ಕಣ್ಣು ಕಿರಿದಾಗಿಸಿದಳು.

"ಹೌದಮ್ಮ, ಇವಳೇ. ನಾಳೆಯಿಂದಲೂ ಕುಡಿಯಲ್ಲ. ಇವಳು ಒಪ್ಪಿದ್ರೆ ದಿನಾ ಇಲ್ಲೇ ಕೂರ್ತೀನಿ."

"ಎಷ್ಟು ಹೊತ್ತು?" ಕೇಳಿದಳು ಸೈಪಿನ್.

"ನೀನು ಎಬ್ಬಿಸೋವರೆಗೆ."

"ಹಾಗಿದ್ರೆ ಕೂತಿರಿ... ನಾನು ಎಬ್ಬಿಸಲ್ಲ."

ಬೌದ್ಧ ವಿಹಾರದ ಗಂಟೆ ಮೊಳಗಿತು. ವ್ರತ ಮುಗಿದಿತ್ತು. ತಾಯಿ ಮಗನ ಮುಖವನ್ನು ಹತ್ತಿರಕ್ಕೆಳೆದು ಅವನ ಉಸಿರು ಮೂಸಿ ನೋಡಿದಳು. ಆಮೇಲೆ ಬಹಳ ಹೊತ್ತು ಅವನ ತಲೆಯ ಮೇಲಿಂದ ಕೈ ತೆಗೆಯಲಿಲ್ಲ.