ಅಟ್ಟೆಯ ನಡುವಿನ ಗೆರೆ

ಷಟರ್ ಎತ್ತುವ ಮೊದಲೇ ಅಂಗಡಿಯ ಮಾನ ಬೀದಿಗೆ ಬಿದ್ದಿತ್ತು.

ಪುಟ್ಟಿ ಫೋನನ್ನು ಚಿಕ್ಕಮ್ಮನ ಮುಂದೆ ಹಿಡಿದಳು. ತನ್ನ ಶೂ ಅಂಗಡಿಯ ಆನ್‌ಲೈನ್ ಪೇಜಿನಲ್ಲಿ ಯಾರೋ ಫೋಟೊ ಹಾಕಿದ್ದರು—ಮಗುಚಿಟ್ಟ, ಅಟ್ಟೆ ಕಿತ್ತು ಬಾಯಿ ಬಿಟ್ಟ ಕಪ್ಪು ಶೂ. 'ಕೊಂಡು ವಾರವೂ ಆಗಿಲ್ಲ. ಮೋಸಗಾರರು!' ಹಾಕಿದವರ ಹೆಸರು 'ನೊಂದ ಗ್ರಾಹಕ'.

"ಮಧ್ಯಾಹ್ನ ಹೆಡ್ ನರ್ಸ್ ಬರ್ತಾರೆ ಚಿಕ್ಕಮ್ಮ. ಇಡೀ ಆಸ್ಪತ್ರೆ ನರ್ಸ್‌ಗಳ ಶೂ ಆರ್ಡರ್. ಅದು ಕೈತಪ್ಪಿದ್ರೆ ಅಂಗಡಿ ಮುಚ್ಚಬೇಕು."

ಚಿಕ್ಕಮ್ಮ ಪೊಲೀಸ್ ಇಲಾಖೆಯಿಂದ ನಿವೃತ್ತಳು. ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು.

"ಯಾರ ಮೇಲೆ ಅನುಮಾನ?"

"ಎದುರಂಗಡಿಯವನು. ಇಲ್ಲಾಂದ್ರೆ ಜಗಳ ಆಡಿ ಬಿಟ್ಟುಹೋದ ನಮ್ಮ ಹೊಲಿಗೆಯವನು."

"ಮೊದಲು ಆ ಪೇಜು ಮುಚ್ಚು!" ಎಂದ ಭಾವ, ಪುಟ್ಟಿಯ ಅಕ್ಕನ ಗಂಡ. ಗಲ್ಲಾದ ಹಿಂದಿನ ಎತ್ತರದ ಸ್ಟೂಲಿನಲ್ಲಿ ಕೂತು, ಅದರ ಕಬ್ಬಿಣದ ಸರಳಿನ ಮೇಲೆ ಕಾಲಿಟ್ಟಿದ್ದ. "ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು."

ಆದರೆ ಅಂಗಡಿಯನ್ನು ಇಷ್ಟು ದಿನ ಉಳಿಸಿದ್ದೇ ಆ ಪೇಜು. ಪುಟ್ಟಿ ಅಲ್ಲಿ ಜಾಹೀರಾತು ಹಾಕುತ್ತಿರಲಿಲ್ಲ. 'ಹಳೇ ಶೂ ಮಗುಚಿ, ಅಟ್ಟೆಯ ಫೋಟೊ ಕಳಿಸಿ' ಎನ್ನುತ್ತಿದ್ದಳು. ಸವೆದ ಜಾಗ ನೋಡಿ, ಎಲ್ಲಿ ನೋವು ಎಂದು ಕೇಳಿ, ಬೈದವರಿಗೂ ಉತ್ತರಿಸಿ, ಆಮೇಲೆ ಶೂ ಮಾಡುತ್ತಿದ್ದಳು.

"ಮುಚ್ಚಬೇಡ," ಎಂದಳು ಚಿಕ್ಕಮ್ಮ. "ಬೈದವರಿಗೆ ಯಾವಾಗಲೂ ಏನು ಬರೀತೀಯೋ ಅದನ್ನೇ ಬರಿ."

ಪುಟ್ಟಿ ಬರೆದಳು: 'ಕ್ಷಮಿಸಿ. ಶೂ ತನ್ನಿ, ಬಿಟ್ಟಿಯಾಗಿ ಸರಿಮಾಡಿಕೊಡುತ್ತೇನೆ. ನೀವು ಯಾವ ಕೆಲಸದಲ್ಲಿದ್ದೀರಿ?'

ಉತ್ತರವಿಲ್ಲ.

"ನಿಜವಾದ ಗಿರಾಕಿ ಇಷ್ಟೊತ್ತಿಗೆ ಇನ್ನೊಂದು ಸಲ ಬೈದಿರ್ತಿದ್ದ," ಎಂದು ಚಿಕ್ಕಮ್ಮ ಫೋಟೊ ಹಿಗ್ಗಿಸಿದಳು. "ಎಲ್ಲರೂ ಕಿತ್ತ ಬಾಯಿ ನೋಡ್ತಿದ್ದಾರೆ. ನಡುವೆ ಅಡ್ಡಲಾಗಿ ಇದೇನು ಗೆರೆ?"

ಪುಟ್ಟಿ ಬಗ್ಗಿದಳು. "ಹಿಮ್ಮಡಿಗೂ ಬೆರಳಿಗೂ ಮಧ್ಯ ನೆಲ ತಾಗಲ್ಲ! ನಡೆದ್ರೆ ಅಲ್ಲಿ ಸವೆಯೋದೇ ಇಲ್ಲ."

"ಮತ್ತೆ?"

"ಗೊತ್ತಿಲ್ಲ."

"ಗೊತ್ತಿಲ್ಲದ್ದನ್ನ ಗಿರಾಕಿಗಳನ್ನೇ ಕೇಳು."

ಕೇಳಿದಳು. ಉತ್ತರಗಳು ಸುರಿದವು. ಸೈಕಲ್ ಪೆಡಲ್ ಎಂದನೊಬ್ಬ. ಏಣಿಯಾದರೆ ಒಂದೇ ಗೆರೆ ಬೀಳಲ್ಲ, ನನ್ನ ಅಟ್ಟೆಯಲ್ಲಿ ಇಂಥ ಹತ್ತು ಗೀರುಗಳಿವೆ ಎಂದ ಒಬ್ಬ ಪೇಂಟರ್. ಆಮೇಲೆ ಟಿಕೆಟ್ ಕೌಂಟರಿನ ಹೆಂಗಸೊಬ್ಬಳು ತನ್ನ ಶೂ ಮಗುಚಿ ಫೋಟೊ ಹಾಕಿದಳು. ಅದೇ ಗೆರೆ! ಕೆಳಗಿನ ಸಾಲು ಓದಿ ಚಿಕ್ಕಮ್ಮ ನಕ್ಕಳು.

ಅಷ್ಟರಲ್ಲಿ ಮಧ್ಯಾಹ್ನವಾಗಿ ಹೆಡ್ ನರ್ಸ್ ಒಳಗೆ ಬಂದರು. "ದಾರಿಯುದ್ದಕ್ಕೂ ಓದ್ಕೊಂಡೇ ಬಂದೆ. ಕಳ್ಳ ಸಿಕ್ಕಿದನಾ?"

"ಸಿಕ್ಕಿದ," ಎಂದಳು ಚಿಕ್ಕಮ್ಮ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವನ ಕಾಲು ಸರಳಿನಿಂದ ಜಾರಿತು.

"ಅಳಿಯಂದಿರೇ, ಸ್ವಲ್ಪ ಪಾದ ತೋರಿಸಿ."

"ನಾ—ನಾನಾ?"

"ಆ ಟಿಕೆಟ್ ಕೌಂಟರಿನಾಕೆ ಏನು ಬರೆದಿದ್ದಾಳೆ ಗೊತ್ತಾ? ಎತ್ತರದ ಸ್ಟೂಲಿನ ಸರಳಿನ ಮೇಲೆ ವರ್ಷಗಟ್ಟಲೆ ಕಾಲಿಟ್ಟರೆ ಈ ಗೆರೆ ಬೀಳುತ್ತಂತೆ. ಕೂತೇ ಇರೋರ ಅಟ್ಟೆ ಬೇರೆ ಕಡೆ ಸವೆಯಲ್ಲ, ಹೊಸದರ ಹಾಗೇ ಕಾಣುತ್ತೆ. ಎದುರಂಗಡಿಯವನು ನಿಂತೇ ಮಾರ್ತಾನೆ. ಹೊಲಿಗೆಯವನು ನೆಲದಲ್ಲಿ ಕೂರೋನು. ಸ್ಟೂಲು ಯಾರದ್ದು?"

ಭಾವ ಕಾಲೆತ್ತಿದ. ನಡುವೆ ಅದೇ ಗೆರೆ. ತುದಿಯಲ್ಲಿ ಹೊಸ ಅಂಟು ಇನ್ನೂ ಹೊಳೆಯುತ್ತಿತ್ತು.

"ಶೂ ಅಂಗಡಿ ಅಳಿಯನಿಗೆ ಇನ್ನೊಂದು ಜೊತೆ ಗತಿ ಇರಲಿಲ್ವೇ!" ಎಂದಳು ಚಿಕ್ಕಮ್ಮ.

"ಅಂಗಡಿ ಹಾಳಾಗಲಿ ಅಂತಲ್ಲ," ಭಾವನ ದನಿ ಇಳಿಯಿತು. "ಪೇಜು ಮುಚ್ಚಲಿ ಅಂತ. ಬಂದವರೆಲ್ಲ ಪುಟ್ಟಿ ಎಲ್ಲಿ ಅಂತಾರೆ. ನನ್ನನ್ನ ಮಾತಾಡಿಸೋರೇ ಇಲ್ಲ."

ಹೆಡ್ ನರ್ಸ್ ತಮ್ಮ ಶೂ ಬಿಚ್ಚಿ ಗಲ್ಲಾದ ಮೇಲೆ ಮಗುಚಿಟ್ಟರು. "ಬೈಗುಳ ಅಳಿಸಿದ್ದರೆ ನಾನು ಬರ್ತಾನೇ ಇರಲಿಲ್ಲ. ಆರ್ಡರ್ ನಿಮ್ಮದೇ. ಮೊದಲ ಅಳತೆ ನನ್ನದು."

ಪುಟ್ಟಿಗೆ ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಫೋನನ್ನು ಭಾವನ ಮುಂದೆ ತಳ್ಳಿದಳು.

"ಭಾವ, ಬೆಳಿಗ್ಗೆ ನಿಮ್ಮನ್ನ ಮಾತಾಡಿಸಿದ್ದೆ. ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಬಂದಿಲ್ಲ."

ಭಾವ ಒಂದೊಂದೇ ಅಕ್ಷರ ಒತ್ತಿದ: 'ಇದೇ ಅಂಗಡಿಯ ಗಲ್ಲಾದಲ್ಲಿದ್ದೇನೆ. ಅಟ್ಟೆ ನಾನೇ ಕಿತ್ತೆ. ತಪ್ಪಾಯಿತು.'

ಕ್ಷಣದಲ್ಲಿ ಪೇಂಟರ್ ಬರೆದ: 'ನಾಳೆ ಬರ್ತೀನಿ. ನಿಮ್ಮನ್ನೇ ನೋಡೋಕೆ!'

"ಆ ಶೂ ಸರಿಮಾಡಿಕೊಡು ಪುಟ್ಟಿ," ಎಂದಳು ಚಿಕ್ಕಮ್ಮ. "ಬಿಟ್ಟಿಯಾಗಿ ಅಂತ ಊರ ಮುಂದೆ ಮಾತು ಕೊಟ್ಟಿದ್ದೀಯ."