ಬಾಗಿಲು ಕಳೆದುಕೊಂಡ ಪುಸ್ತಕದಂಗಡಿ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ, ಕೆಂದಾವರೆ ಎಂಬ ನಾಡಿತ್ತು. ಆ ನಾಡಿನ ದೊರೆ ಕೆಟ್ಟವನಲ್ಲ, ಶುದ್ಧ ಸೋಮಾರಿ. ಪ್ರಜೆಗಳು ಬೇರೆ ಬೇರೆ ಪುಸ್ತಕ ಓದಿ ಬೇರೆ ಬೇರೆ ಮಾತಾಡಿದರೆ ಆಳುವವನಿಗೆ ತಲೆನೋವು ಎಂದುಕೊಂಡಿದ್ದ. ಇಂಥವನಿಗೆ ಧೂಮಕೇಶನೆಂಬ ಮಂತ್ರವಾದಿ ಸಿಕ್ಕಿಬಿಟ್ಟ.

ಧೂಮಕೇಶನ ತಲೆಯ ಮೇಲೆ ಕೂದಲಿನ ಬದಲು ಹೊಗೆ ಆಡುತ್ತಿತ್ತು. ಅವನ ಬಳಿ ಒಂದು ಚಿನ್ನದ ಗಿಣಿಯಿತ್ತು. ನೆನಪಿಟ್ಟುಕೊಳ್ಳುವ ತೊಂದರೆ ಬೇಡವೆಂದು ತನ್ನ ಮಂತ್ರಗಳನ್ನೆಲ್ಲ ಅವನು ಗಿಣಿಗೇ ಬಾಯಿಪಾಠ ಮಾಡಿಸಿದ್ದ. ಗಿಣಿ ಬೆಳಗಾದರೆ ಅವನ ಗೋಪುರದ ಮೇಲೆ ಕೂತು, “ನಿನ್ನೆ ಓದಿದ್ದೇ ಇವತ್ತೂ ಓದು, ಅದೇ ನಿನಗಿಷ್ಟ” ಎನ್ನುತ್ತಿತ್ತು. ಆ ಮಾತು ಮನೆಮನೆಗೂ ಕೇಳಿಸುತ್ತಿತ್ತು, ಜನ ನಿನ್ನೆಯ ಪುಸ್ತಕವನ್ನೇ ಮತ್ತೆ ಬಿಡಿಸುತ್ತಿದ್ದರು. ಆ ಪುಸ್ತಕ ಯಾವುದು ಅಂತೀರಿ? ಧೂಮಕೇಶನೇ ಬರೆದ ‘ಧೂಮಕೇಶನ ಮಹಿಮೆ’. ಬರೆದವನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಆದರೆ ಗಾಣಿಗರ ಬೀದಿಯಲ್ಲಿ ಸಿದ್ದವ್ವನ ಪುಸ್ತಕದಂಗಡಿಯಿತ್ತು. ಒಂದೇ ಕೋಣೆ, ನೆಲದಿಂದ ಸೂರಿನವರೆಗೂ ಪುಸ್ತಕ. ಒಳಗೆ ಕಾಲಿಟ್ಟವರಿಗೆ ಗಿಣಿಯ ಮಾತು ಕೇಳಿಸುತ್ತಿರಲಿಲ್ಲ. ಸಿದ್ದವ್ವ ಯಾರನ್ನೂ “ಏನು ಬೇಕು?” ಎಂದು ಕೇಳಿದವಳಲ್ಲ. “ಏನು ಸಾಕಾಗಿದೆ ನಿಮಗೆ?” ಎಂದು ಕೇಳುವಳು. ಯುದ್ಧದ ಕತೆ ಸಾಕಾಗಿದೆ ಎಂದವನಿಗೆ ನಕ್ಷತ್ರಗಳ ಪುಸ್ತಕ ಕೊಡುವಳು. ಅತ್ತೂ ಅತ್ತೂ ಸಾಕಾಗಿದೆ ಎಂದವಳಿಗೆ ಕಳ್ಳರ ಕತೆ ಕೊಡುವಳು. ಅವಳ ಮಗಳು ಹೊನ್ನಾಜಿ ಈ ಕಸುಬನ್ನು ನೋಡಿ ನೋಡಿಯೇ ಕಲಿತಳು.

ಧೂಮಕೇಶನಿಗೆ ಇದನ್ನು ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಹೊನ್ನಾಜಿ ನೀರು ತರಲು ಹೋಗಿ ಬರುವಷ್ಟರಲ್ಲಿ ಅಂಗಡಿಗೆ ಬಾಗಿಲೇ ಇಲ್ಲ! ಬಾಗಿಲಿದ್ದ ಕಡೆ ಬರೀ ಗೋಡೆ. ನಾಡಿನ ಪುಸ್ತಕದಂಗಡಿಗಳ ಬಾಗಿಲುಗಳೆಲ್ಲ ಹೀಗೆಯೇ ಹಾರಿಹೋಗಿದ್ದವು. ಬೇರೆ ಅಂಗಡಿಯವರು ಹೊರಗಿದ್ದರು, ಸಿದ್ದವ್ವ ಮಾತ್ರ ಒಳಗೆ ಸಿಕ್ಕಿಬಿದ್ದಿದ್ದಳು.

“ಅವ್ವಾ!” ಎಂದು ಹೊನ್ನಾಜಿ ಗೋಡೆ ಗುದ್ದಿದಳು.

“ಇಲ್ಲೇ ಇದ್ದೀನಿ ಕಣೇ. ಗೋಡೆಗೆ ಯಾಕೆ ಹೊಡೀತೀಯ, ಅದೇನು ಮಾಡ್ತು?” ಎಂದಳು ಸಿದ್ದವ್ವ ಬೆಳಕಿಂಡಿಯಿಂದ.

ಆ ಬೆಳಕಿಂಡಿಯೂ ದಿನದಿನಕ್ಕೆ ಕಿರಿದಾಗತೊಡಗಿತು. ಅದು ಪೂರ್ತಿ ಮುಚ್ಚಿದರೆ ಒಳಗಿದ್ದವಳಿಗೆ ಉಸಿರಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಡಂಗುರ ಕೇಳಿಸಿತು: “‘ಮಹಿಮೆ’ಯೊಂದನ್ನೇ ಮಾರುತ್ತೇವೆ ಎಂದು ಒಪ್ಪಿದವರಿಗೆ ಬಾಗಿಲು ವಾಪಸ್ಸು!”

“ಒಪ್ಪಿಬಿಡಮ್ಮ, ಜೀವಕ್ಕಿಂತ ಪುಸ್ತಕ ಹೆಚ್ಚೇ?” ಎಂದರು ನೆರೆಯವರು ಹೊನ್ನಾಜಿಗೆ.

“ಒಪ್ಪಿ ಬಾಗಿಲು ತಂದ್ರೆ ನಾನು ಆಚೆಗೇ ಬರಲ್ಲ!” ಎಂದು ಸಿದ್ದವ್ವ ಒಳಗಿಂದಲೇ ಗದರಿದಳು. ಆಮೇಲೆ ಬೆಳಕಿಂಡಿಯಿಂದ ಮೂರು ಪುಸ್ತಕ ತೂರಿಸಿದಳು. “ದಾರಿಗೆ ಬುತ್ತಿ ಕಟ್ಟೋಕೆ ಇಲ್ಲೇನೂ ಇಲ್ಲ. ಇವನ್ನೇ ತಗೊಂಡು ಹೋಗು.”

ಹೊನ್ನಾಜಿ ಕಣ್ಣೊರೆಸಿಕೊಂಡು ಬಾಗಿಲು ತರಲು ಧೂಮಕೇಶನ ಗೋಪುರದ ಕಡೆ ಹೊರಟಳು. ನಡೆದು ನಡೆದು ಕಾಡು ಸೇರಿದಳು. ಅಲ್ಲಿ ಧೂಮಕೇಶನ ಹುಲಿ ಅಡ್ಡ ಬಂತು. ಆ ಹುಲಿಗೆ ಓದಲು ಬರುತ್ತಿತ್ತು, ತನ್ನ ಮಹಿಮೆ ಓದಲೆಂದು ಮಂತ್ರವಾದಿಯೇ ಕಲಿಸಿದ್ದ.

“ತಿಂತೀನಿ ನಿನ್ನ” ಎಂದಿತು ಹುಲಿ.

“ತಿನ್ನುವೆಯಂತೆ. ಮೊದಲು ಹೇಳು ಹುಲಿಯಪ್ಪಾ, ನಿನಗೆ ಏನು ಸಾಕಾಗಿದೆ?”

ಹುಲಿ ಬಾಯಿ ಮುಚ್ಚಿ ಯೋಚಿಸಿತು. “‘ಮಹಿಮೆ’ಯ ತುಂಬ ಇರೋ ಬೇಟೆಯ ಕತೆ ಸಾಕಾಗಿದೆ ತಾಯಿ. ಯಾವ ಕತೆ ಓದಿದ್ರೂ ಕೊನೆಗೆ ಸಾಯೋದು ನಾನೇ.”

ಹೊನ್ನಾಜಿ ಅದಕ್ಕೆ ಉಪ್ಪಿನಕಾಯಿ ಹಾಕುವ ವಿಧಾನಗಳ ಪುಸ್ತಕ ಕೊಟ್ಟಳು. ಹುಲಿ ಹೇರಳೆಕಾಯಿಯ ಪುಟದಲ್ಲಿ ಮುಳುಗಿ ಜೊಲ್ಲು ಸುರಿಸುತ್ತ ಕೂತಿತು. ಹೊನ್ನಾಜಿ ಮುಂದೆ ನಡೆದಳು.

ನಡೆದು ನಡೆದು ಗೋಪುರದ ಕಂದಕ ಸೇರಿದಳು. ಅಲ್ಲಿ ಹುಲಿಯಂತೆಯೇ ಓದು ಕಲಿತಿದ್ದ ಮೊಸಳೆ ಬಾಯಿ ತೆರೆದು, “ನುಂಗ್ತೀನಿ ನಿನ್ನ” ಎಂದಿತು.

“ನುಂಗುವೆಯಂತೆ. ಮೊದಲು ಹೇಳು ಮೊಸಳೆಯಪ್ಪಾ, ನಿನಗೆ ಏನು ಸಾಕಾಗಿದೆ?”

“ನೀರು! ಹುಟ್ಟಿದಾಗಿಂದ ನೀರು. ಬೆನ್ನಿಗೆ ನೀರು, ಹೊಟ್ಟೆಗೆ ನೀರು.”

ಹೊನ್ನಾಜಿ ಅದಕ್ಕೆ ಮರಳುಗಾಡು ದಾಟಿದ ಒಂಟೆ ವ್ಯಾಪಾರಿಯ ಪುಸ್ತಕ ಕೊಟ್ಟಳು. ಮೊಸಳೆ ದಡಕ್ಕೆ ತಲೆಯಾನಿಸಿ ಓದತೊಡಗಿತು. ಅವಳು ಅದರ ಬೆನ್ನ ಮೇಲೆ ಕಾಲಿಟ್ಟು ದಾಟಿದ್ದೂ ಅದಕ್ಕೆ ತಿಳಿಯಲಿಲ್ಲ.

ಗೋಪುರದ ಅಂಗಳದಲ್ಲಿ ಬಾಗಿಲುಗಳ ರಾಶಿ ಬಿದ್ದಿತ್ತು. ಅವ್ವನ ಕೈ ತಾಗಿ ಸವೆದ ಚಿಲಕವನ್ನು ಕಂಡು ಹೊನ್ನಾಜಿಗೆ ದುಃಖ ಉಕ್ಕಿ ಬಂತು.

“ಒಪ್ಪಿಕೊಳ್ಳೋಕೆ ಬಂದೆಯಾ?” ಎಂದ ಗಿಣಿಯೊಡನೆ ಅಂಗಳಕ್ಕೆ ಬಂದ ಧೂಮಕೇಶ.

“ಇಲ್ಲ. ನಮ್ಮ ಬಾಗಿಲು ತಗೊಂಡು ಹೋಗೋಕೆ ಬಂದೆ.”

“ಎಷ್ಟು ಕೊಬ್ಬು! ಗಿಣಿಯೇ, ಇವಳನ್ನು ಕಲ್ಲು ಮಾಡುವ ಮಂತ್ರ ಹೇಳು!”

ಗಿಣಿ ಹೇಳತೊಡಗಿತು. ಹೊನ್ನಾಜಿಯ ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು. “ಗಿಣಿಯಮ್ಮಾ, ನಿನಗೆ ಏನು ಸಾಕಾಗಿದೆ?” ಎಂದು ಅವಳು ಕೂಗಿ ಕೇಳಿದಳು.

ಗಿಣಿ ಒಂದು ಗಳಿಗೆ ನಿಲ್ಲಿಸಿತು. “ಗೊತ್ತಿಲ್ಲ. ನನ್ನನ್ನ ಯಾರೂ ಏನೂ ಕೇಳಿದ್ದೇ ಇಲ್ಲ” ಎಂದು ಮತ್ತೆ ಮಂತ್ರ ಹಿಡಿಯಿತು.

ಇಂಥವರಿಗೆ ಯಾವ ಪುಸ್ತಕ ಕೊಡಬೇಕೆಂದು ಹೊನ್ನಾಜಿಗೆ ತಿಳಿಯದು. ಉಳಿದ ಒಂದು ಪುಸ್ತಕವನ್ನು ಅವಳೂ ಓದಿರಲಿಲ್ಲ. ಆದದ್ದಾಗಲಿ ಎಂದು ಬಿಡಿಸಿ ಗಟ್ಟಿಯಾಗಿ ಓದಿದಳು. ಬೆಳದಿಂಗಳಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಚಂದ್ರನ ಮೇಲೆ ದೂರು ಕೊಡಲು ಒಬ್ಬ ಮುದುಕಿ ಆಕಾಶಕ್ಕೆ ಏಣಿ ಹಾಕಿದಳಂತೆ. ಹೊನ್ನಾಜಿಯ ಸೊಂಟ ಕಲ್ಲಾಯಿತು, ಅವಳು ಓದು ನಿಲ್ಲಿಸಲಿಲ್ಲ. ಮುದುಕಿ ಏಣಿ ಹತ್ತಿ ಚಂದ್ರನ ಮನೆಯ ಕದ ತಟ್ಟಿದಳಂತೆ. ಗಿಣಿಯ ಮಂತ್ರ ತಡವರಿಸಿತು.

“ಹೇಳು! ಮಂತ್ರ ಹೇಳು!” ಎಂದು ಧೂಮಕೇಶ ಅರಚಿದ.

“ಸುಮ್ನಿರಯ್ಯಾ! ಚಂದ್ರ ಕದ ತೆಗೀತಾನೋ ಇಲ್ಲವೋ ಕೇಳೋಣ” ಎಂದಿತು ಗಿಣಿ.

ಮಂತ್ರ ಅರ್ಧಕ್ಕೇ ನಿಂತಿತು. ಧೂಮಕೇಶ ತಾನೇ ಹೇಳಲು ಹೋದ. ಒಂದಕ್ಷರ ನೆನಪಿದ್ದರೆ ತಾನೇ? ಹೊನ್ನಾಜಿಯ ಮೈಯ ಕಲ್ಲೆಲ್ಲ ಕರಗಿತು. ಧೂಮಕೇಶನ ತಲೆಯ ಹೊಗೆಯೆಲ್ಲ ಹಾರಿ ಬೋಳುತಲೆ ಉಳಿಯಿತು. ಅವನು ಓಡಿದ. “ಸದ್ದು ಮಾಡಬೇಡ, ಓದ್ತಿದ್ದೀನಿ” ಎಂದು ಮೊಸಳೆ ಗದರಿತು, ಹುಲಿಯೂ ಗದರಿತು. ಮತ್ತೆ ಅವನನ್ನು ಆ ನಾಡಿನಲ್ಲಿ ಯಾರೂ ನೋಡಲಿಲ್ಲ.

ಹೊನ್ನಾಜಿ ಬಾಗಿಲನ್ನು ತಲೆಯ ಮೇಲೆ ಹೊತ್ತು ಓಡಿದಳು. ಗಿಣಿ ಪುಸ್ತಕವನ್ನು ಕಾಲಲ್ಲಿ ಹಿಡಿದು ಬಾಗಿಲ ಮೇಲೆ ಕೂತು ದಾರಿಯುದ್ದಕ್ಕೂ ಉಳಿದ ಕತೆ ಓದಿತು.

ಅಂಗಡಿ ತಲುಪಿದಾಗ ಬೆಳಕಿಂಡಿಯಲ್ಲಿ ಸೂಜಿ ತೂರುವಷ್ಟೂ ಜಾಗವಿರಲಿಲ್ಲ. “ಅವ್ವಾ!” ಎಂದು ಕೂಗಿದಳು. ಗೋಡೆಗೆ ಬಾಗಿಲು ಒರಗಿಸಿ ತಳ್ಳಿದಳು. ಬಾಗಿಲು ತೆರೆಯಿತು. ಸಿದ್ದವ್ವ ಪುಸ್ತಕದ ರಾಶಿಗೆ ಒರಗಿ ಏದುಸಿರು ಬಿಡುತ್ತಿದ್ದಳು. ಮಗಳನ್ನು ನೋಡಿದಳು, ಎದ್ದು ಬರಲಿಲ್ಲ.

“ಒಪ್ಪಿದೆಯಾ?” ಎಂದು ಕೇಳಿದಳು.

“ಇಲ್ಲವ್ವ.”

ಆಗ ಎದ್ದು ಆಚೆ ಬಂದಳು. ತಾಯಿ ಮಗಳು ತಬ್ಬಿಕೊಂಡು ಬೀದಿಯೇ ಕೇಳುವಂತೆ ಅತ್ತರು.

ಅತ್ತಾದ ಮೇಲೆ ಸಿದ್ದವ್ವ ಸಲಾಕೆ ತಂದು ಬಾಗಿಲನ್ನು ಮೀಟಿ ಕಿತ್ತಳು.

“ಅಯ್ಯೋ ಅವ್ವಾ, ಕತ್ತು ಮುರಿಯೋ ಹಾಗೆ ಹೊತ್ತು ತಂದಿದ್ದೀನಿ!”

“ಬಾಗಿಲಿದ್ರೆ ತಾನೇ ಕದಿಯೋದು? ಇನ್ಯಾವನು ಬಂದು ಏನು ಮುಚ್ತಾನೋ ಮುಚ್ಚಲಿ, ನೋಡ್ತೀನಿ” ಎಂದಳು ಸಿದ್ದವ್ವ. ಬೀದಿಯ ನಡುವೆ ಎರಡು ಕಲ್ಲಿಟ್ಟು, ಬಾಗಿಲನ್ನು ಅಡ್ಡಲಾಗಿ ಮಲಗಿಸಿ, ಅದರ ಮೇಲೆ ಪುಸ್ತಕ ಜೋಡಿಸಿದಳು. ಉಳಿದ ಅಂಗಡಿಯವರೂ ಗೋಪುರದ ಅಂಗಳದಿಂದ ಬಾಗಿಲು ಹೊತ್ತು ತಂದು ತಮ್ಮ ತಮ್ಮ ಬೀದಿಯಲ್ಲಿ ಹಾಗೆಯೇ ಮಾಡಿದರು. ಜನ ಬಂದರು, ಕೆದಕಿದರು, ಹೆಸರೇ ಕೇಳದ ಪುಸ್ತಕಗಳನ್ನು ಹೊತ್ತು ಮನೆಗೆ ಹೋದರು, ಸುಖವಾಗಿ ಜಗಳಾಡುತ್ತ ಬಾಳಿದರು.

ಒಂದು ದಿನ ದೊರೆಯ ಪಲ್ಲಕ್ಕಿ ಆ ಬೀದಿಗೆ ಬಂತು. ದಾರಿಯಿಲ್ಲ. “ಬಾಗಿಲ ಹಲಗೆ ಸರಿಸು” ಎಂದರು ಭಟರು. “ದೊರೆಗೆ ಕಾಲಿಲ್ಲವೇ? ಇಳಿದು ಬರಲಿ” ಎಂದಳು ಸಿದ್ದವ್ವ. ದೊರೆ ಗೊಣಗುತ್ತ ಇಳಿದ, ಪಕ್ಕದಲ್ಲಿ ನುಸುಳಿ ಹೋದ. ಮುಂದಿನ ಸಲ ಇಳಿದವನು ಒಂದು ಪುಸ್ತಕ ತೆರೆದು ಅಲ್ಲೇ ನಿಂತ. ಆಮೇಲಾಮೇಲೆ ಪಲ್ಲಕ್ಕಿಯನ್ನು ಅರಮನೆಯಲ್ಲೇ ಬಿಟ್ಟು ಬರತೊಡಗಿದ. ಸಿದ್ದವ್ವ ಅವನಿಗೆ ಕೂರಲು ಮಣೆ ಕೊಟ್ಟಳು, ಹಲಗೆಯನ್ನು ಮಾತ್ರ ಸರಿಸಲಿಲ್ಲ.