ಕಮಳಾಬಾಯಿ ಮುಖದ ಮೇಲೆ ಪೂನಂ ಹೆಸರು

"ಪೂನಂ, ನಮ್ಮವ್ವಂದು ಒಂದು ಫೋಟೋ ನಿನ್ನ ಹತ್ರ ಅದ ಅಂತಲ್ಲ?"

ಬಾಗಿಲಲ್ಲಿ ನಿಂತಿದ್ದವನು ಪಕ್ಕದ ಮನೆಯ ಧಮ್ಮಪಾಲ ಕಾಕಾ. ಚಪ್ಪಲಿ ಬಿಡಲಿಲ್ಲ, ಒಳಗೂ ಬರಲಿಲ್ಲ. ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದ. ಅವನ ಅವ್ವ ಕಮಳಾಬಾಯಿ ತೀರಿಕೊಂಡು ಐದು ದಿನವಾಗಿತ್ತು.

ಹೋಂವರ್ಕ್ ಬರೆಯುತ್ತಿದ್ದ ಪೂನಂ ಪೆನ್ನು ಕೆಳಗಿಟ್ಟಳು.

"ಅದ ಕಾಕಾ."

"ಚಲೋ ಆಯ್ತವಾ. ಐತವಾರ ಅವ್ವನ ಪುಣ್ಯಾನುಮೋದನ ಅದ. ಎಲ್ರೂ ಬಂದು ಹೂವಾ ಹಾಕ್ತಾರ, ಫೋಟೋ ಇಡಬೇಕು. ಮನಿ ಎಲ್ಲಾ ಹುಡುಕಿದ್ರ ಆಧಾರ್ ಕಾರ್ಡ್ ಒಂದೇ ಸಿಕ್ತು. ಅದ್ರಾಗ ನಮ್ಮವ್ವ ಪೊಲೀಸ್ರು ಹಿಡ್ಕೊಂಡು ಹೋದವ್ರಂಗ ಕಾಣ್ತಾಳ."

ಕಾಕಾ ನಗಲು ಹೋದ. ಆಗಲಿಲ್ಲ.

"ಅವ್ವ ಓಣಿ ತುಂಬ ಹೇಳ್ಕೊಂತ ತಿರಗತಿದ್ಳು, ಪೂನಂ ನನ್ನ ಫೋಟೋ ತೆಗ್ದಾಳ, ನಗೋದು ಬಂದದ ಅಂತ. ನಾ ನೋಡೇ ಇಲ್ಲ. ತೋರ್ಸವಾ."

ಫೋನು ಪೂನಂಳ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮೆಲ್ಲಗೆ ನೋಟ್‌ಬುಕ್ಕಿನ ಕೆಳಗೆ ತಳ್ಳಿದಳು.

"ಚಾರ್ಜ್ ಇಲ್ಲ ಕಾಕಾ."

"ಇರ್ಲಿ ತಗೋ. ನಾಳಿ ಸನಿವಾರ, ನಿಂದು ಸಾಲಿ ಲಗೂ ಬಿಡ್ತದಲ್ಲ? ಹುಮನಾಬಾದಿಗಿ ಹೋಗೋಣು. ನಸೀರ್ ಭಾಯ್ ಸ್ಟುಡಿಯೋದಾಗ ದೊಡ್ಡದು ಮಾಡ್ಸಿ, ಕಟ್ಟು, ಕಾಚು ಹಾಕಿಸ್ಕೊಂಡು ಬರೋಣು."

ಕಾಕಾ ಹೋದ ಮೇಲೆ ಪೂನಂ ಫೋನು ತೆಗೆದಳು. ಅದರಲ್ಲಿ ಅರವತ್ತೆರಡು ಪರ್ಸೆಂಟ್ ಚಾರ್ಜ್ ಇತ್ತು.

ಫೋಟೋದಲ್ಲಿ ಕಮಳಾಬಾಯಿ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಮೊರ ಮಡಿಲಲ್ಲಿತ್ತು. ಬಾಯಿ ತೆರೆದು ನಗುತ್ತಿದ್ದಳು. ಆ ಮುಖದ ಮೇಲೆ, ಹಣೆಯಿಂದ ಗದ್ದದವರೆಗೆ, ಓರೆಯಾಗಿ, ದಪ್ಪ ಬಿಳಿ ಅಕ್ಷರಗಳು ಕೂತಿದ್ದವು.

ಪೂನಂ, ರಾಜೇಶ್ವರ.

ತನ್ನ ಹೆಸರು, ತನ್ನೂರಿನ ಹೆಸರು. ಎರಡು ತಿಂಗಳ ಹಿಂದೆ ಅವಳೇ ಹಾಕಿದ್ದು.

ಶಾಲೆಯಿಂದ ಬಸವಕಲ್ಯಾಣದ ಕೋಟೆಗೆ ಹೋದಾಗ ಪೂನಂ ತನ್ನ ಅವ್ವನ ಫೋನು ಒಯ್ದಿದ್ದಳು. ಕೋಟೆಯ ಗೋಡೆಯ ತೂತಿನಿಂದ ಗಿಣಿಯೊಂದು ತಲೆ ಹೊರಹಾಕಿದ್ದನ್ನು ಹಿಡಿದಿದ್ದಳು. ಸ್ಟೇಟಸ್ಸಿಗೆ ಹಾಕಿದ ಮೂರನೇ ದಿನ ಅದೇ ಗಿಣಿ ಯಾವುದೋ ಪೇಜಿನಲ್ಲಿ ಬಂತು. ಕೆಳಗೆ ಬೇರೆ ಯಾರದೋ ಹೆಸರು. ಎರಡು ಸಾವಿರ ಲೈಕು! "ಅದು ನಂದು" ಎಂದು ಪೂನಂ ಕಮೆಂಟ್ ಬರೆದರೆ, ಅವರು ನಗುವ ಇಮೋಜಿ ಹಾಕಿದರು.

"ವಾಟರ್‌ಮಾರ್ಕ್ ಹಾಕು," ಎಂದಿದ್ದಳು ಗೆಳತಿ ಮೇಘಾ. "ಮೂಲ್ಯಾಗ ಸಣ್ಣದು ಹಾಕಿದ್ರ ಕಟ್ ಮಾಡ್ತಾರ. ನಟ್ಟನಡುವ ಹಾಕು, ದೊಡ್ಡದು. ಆಮ್ಯಾಲ ಕದೀಲಿ ನೋಡೋಣು!"

ಅಂದು ಸಂಜೆ ಕೂತು ಪೂನಂ ಎಲ್ಲಾ ಫೋಟೋಗೂ ಹೆಸರು ಹಾಕಿದ್ದಳು. ಗಿಣಿಗೆ, ಎಮ್ಮೆಗೆ, ಬಸ್‌ಸ್ಟ್ಯಾಂಡಿಗೆ, ಕಮಳಾಬಾಯಿಗೆ. ಫೋನು ಮೆಮೊರಿ ಫುಲ್ ಎಂದಿತು. ಹೆಸರಿಲ್ಲದ ಹಳೆಯವನ್ನೆಲ್ಲ ಡಿಲೀಟ್ ಮಾಡಿದ್ದಳು.

ಈಗ ಒಂದೊಂದೇ ಫೋಲ್ಡರ್ ತೆರೆದು ನೋಡಿದಳು. ಹೆಸರಿಲ್ಲದ ಕಮಳಾಬಾಯಿ ಎಲ್ಲೂ ಇರಲಿಲ್ಲ. ಹೆಸರು ಅಳಿಸಲಿಕ್ಕೆ ಬರುತ್ತದೆ, ಸ್ಟುಡಿಯೋದವರಿಗೆ ಎಲ್ಲಾ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಹುಮನಾಬಾದಿನ ಟಂಟಂ ಆಟೋ ಹೆದ್ದಾರಿಯಲ್ಲಿ ಓಡುತ್ತಿತ್ತು. ಧಮ್ಮಪಾಲ ಕಾಕಾ ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದ.

"ಮದ್ವಿಯಾಗ ಯಾರರೇ ಕ್ಯಾಮೆರಾ ಹಿಡ್ಕೊಂಡು ಬಂದ್ರ ಅವ್ವ ಸೆರಗು ಬಾಯಿಗಿ ಹಚ್ಕೋತಿದ್ಳು. ಮುಂದಿನ ಹಲ್ಲು ಇಲ್ಲಲ್ಲ, ನಾಚ್ಕಿ. ನಿನ್ನ ಮುಂದ ಹ್ಯಾಂಗ ನಕ್ಕಳು?"

"ನಾ ಕೋಳಿ ಫೋಟೋ ತೆಗೀಲಾಕ ಅದರ ಹಿಂದ ಓಡಿ, ಮೊರ ತುಳದು, ತೊಗರಿಯಾಗ ಬಿದ್ದೆ ಕಾಕಾ. ಕಮಳಾ ಆಯಿ ಮದಲ ಬೈದ್ಳು. ಆಮ್ಯಾಲ ನಕ್ಕೊಂತ ಕೂತಳು. ಬಿದ್ದಲ್ಲಿಂದೇ ಒತ್ತಿದೆ."

ಕಾಕಾ ಈ ಸಲ ನಿಜಕ್ಕೂ ನಕ್ಕ. ಕಣ್ಣು ಒರೆಸಿಕೊಂಡು ಹೊರಗೆ ನೋಡಿದ.

"ಕಾಕಾ..." ಎಂದಳು ಪೂನಂ.

"ಏನವಾ?"

"ಏನಿಲ್ಲ."

ಸ್ಟುಡಿಯೋದಲ್ಲಿ ನಸೀರ್ ಭಾಯ್ ಫೋನಿಗೆ ವೈರ್ ಸಿಕ್ಕಿಸಿದರು. ಕಂಪ್ಯೂಟರಿನ ದೊಡ್ಡ ಪರದೆ ತುಂಬ ಕಮಳಾಬಾಯಿ ಬಂದಳು. ಅಕ್ಷರಗಳೂ ದೊಡ್ಡದಾಗಿ ಬಂದವು.

ಕಾಕಾ ಪರದೆಯ ಹತ್ತಿರ ಬಗ್ಗಿದ.

"ಇದೇನು, ಮಾರಿ ಮ್ಯಾಲ?"

"ನನ್ನ ಹೆಸ್ರು ಕಾಕಾ." ಪೂನಂಳ ದನಿ ಸಣ್ಣದಾಯಿತು. "ಯಾರೂ ಕದೀಬಾರ್ದು ಅಂತ ಹಾಕಿದ್ದೆ."

ಕಾಕಾ ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ. ತಿಳಿಯದೆ ಕೇಳಿದಂತಿತ್ತು.

"ನಮ್ಮವ್ವನ ಫೋಟೋ ಯಾರು ಕದೀತಿದ್ರವಾ?"

ಪೂನಂ ಕೆಳಗೆ ನೋಡಿದಳು. ನೆಲದ ಮೇಲೆ ಪಾಸ್‌ಪೋರ್ಟ್ ಫೋಟೋಗಳ ಅಂಚಿನ ಬಿಳಿ ಚೂರುಗಳು ಬಿದ್ದಿದ್ದವು.

"ಒರಿಜಿನಲ್ ಎಲ್ಲದ ಬೇಟಾ?" ಎಂದರು ನಸೀರ್ ಭಾಯ್.

"ಡಿಲೀಟ್ ಮಾಡೀನ್ರಿ."

"ಟ್ರ್ಯಾಶ್‌ನಾಗ?"

"ಅದೂ ಖಾಲಿ ಮಾಡೀನಿ."

"ಯಾರಿಗಾದ್ರೂ ಕಳ್ಸಿದ್ದೇನು?"

ಇಲ್ಲವೆಂದು ತಲೆ ಅಲ್ಲಾಡಿಸಿದಳು. ಕಮಳಾಬಾಯಿಯ ಹತ್ತಿರ ಫೋನೇ ಇರಲಿಲ್ಲ. "ಕಾಗದದ ಮ್ಯಾಲ ತಂದು ಕೊಡವಾ, ಗ್ವಾಡಿಗಿ ಹಚ್ತೀನಿ," ಎಂದು ಎರಡು ಸಲ ಕೇಳಿದ್ದಳು. ಪೂನಂ ಎರಡು ಸಲವೂ "ಹೂಂ ಆಯಿ" ಎಂದಿದ್ದಳು.

"ನೋಡೋಣು, ನೋಡೋಣು," ಎಂದು ನಸೀರ್ ಭಾಯ್ ಮೌಸ್ ಹಿಡಿದರು. ಅಕ್ಷರಗಳ ಮೇಲೆ ಗೀರುತ್ತ ಹೋದರು. ಒಂದೊಂದಾಗಿ ಅಕ್ಷರ ಮಾಯವಾಯಿತು. ಅರ್ಧ ಗಂಟೆಯಲ್ಲಿ ಮುಖ ಸ್ವಚ್ಛವಾಯಿತು. ಪೂನಂ ಉಸಿರು ಬಿಟ್ಟಳು.

ಕಾಕಾ ಬಹಳ ಹೊತ್ತು ನೋಡಿದ. ಮುಂದೆ ಬಂದು ನೋಡಿದ, ಹಿಂದೆ ಸರಿದು ನೋಡಿದ.

"ಪಸಂದ ಮಾಡೀರಿ ಭಾಯ್. ಖರೇನೇ ಪಸಂದ ಅದ." ಆಮೇಲೆ ಮೆಲ್ಲಗೆ ಹೇಳಿದ, "ಆದ್ರ ಇಕಿ ನಮ್ಮವ್ವ ಅಲ್ಲ."

ಪೂನಂ ಕೂಡ ನೋಡಿದಳು. ಗದ್ದದ ಮೇಲಿನ ಮೂರು ಹಸಿರು ಹಚ್ಚೆ ಬೊಟ್ಟುಗಳು ಹೋಗಿದ್ದವು. ಬಾಯಿ ತುಂಬ ಹಲ್ಲು ಬಂದಿದ್ದವು. ಕೆನ್ನೆಯಲ್ಲಿ ಒಂದೂ ಗೆರೆ ಇರಲಿಲ್ಲ. ಟಿವಿಯಲ್ಲಿ ಎಣ್ಣೆ ಮಾರುವ ಅಜ್ಜಿಯಂತೆ ಯಾರೋ ನಗುತ್ತಿದ್ದರು.

"ಇಲ್ಲಿ ಹಚ್ಚಿ ಇತ್ತು," ಎಂದು ಪೂನಂ ಪರದೆಗೆ ಬೆರಳು ತೋರಿಸಿದಳು. "ಮೂರು ಬೊಟ್ಟು. ಒಂದು ಜರಾ ವಾರಿ, ಬಾಜೂಕ ಇತ್ತು. ಇಲ್ಲಿ... ಅಲ್ಲ, ಇಲ್ಲಿ..."

ಬೆರಳು ಗಾಳಿಯಲ್ಲೇ ನಿಂತಿತು. ದಿನಾ ನೋಡಿದ ಮುಖ. ಆದರೂ ಸರಿಯಾಗಿ ಎಲ್ಲಿ ಎಂದು ಹೇಳಲು ಬರಲಿಲ್ಲ.

"ಅಕ್ಷರದ ಕೆಳಗ ಏನಿತ್ತು ಅಂತ ಕಂಪ್ಯೂಟರಿಗಿ ಗೊತ್ತಿಲ್ಲ ಬೇಟಾ," ಎಂದರು ನಸೀರ್ ಭಾಯ್. "ತನಗ ತಿಳದಂಗ ತುಂಬ್ತದ. ನಾ ಇನ್ನ ಎಷ್ಟು ತಿದ್ದಿದ್ರೂ ಅಂದಾಜೇ."

ಕಾಕಾ ಸ್ಟೂಲಿನ ಮೇಲೆ ಕೂತ. ಗೋಡೆಯ ಫ್ಯಾನು ಅತ್ತ ತಿರುಗಿತು, ಇತ್ತ ತಿರುಗಿತು.

"ಮದಲಿಂದೇ ತೆಗೀರಿ ಭಾಯ್. ಹೆಸ್ರು ಇರೋದು."

"ಅದೇ ಹಾಕಿಸ್ತೀರೇನು? ಜನ ಏನಂತಾರ?"

"ಏನರೇ ಅನ್ನಲಿ. ಹೆಸ್ರಿನ ಸಂದ್ಯಾಗರೇ ನಮ್ಮವ್ವ ಕಾಣ್ತಾಳ."

ನಸೀರ್ ಭಾಯ್ ಫೋಟೋದ ಕೆಳಗಿನ ಅಂಚಿನಲ್ಲಿ ಕಪ್ಪು ಅಕ್ಷರದಲ್ಲಿ 'ಕಮಳಾಬಾಯಿ' ಎಂದು ಬರೆದು ಪ್ರಿಂಟ್ ತೆಗೆದರು. ಕಟ್ಟು ಹಾಕಿ ಕೊಟ್ಟರು.

ವಾಪಸು ಬರುವಾಗ ಕಾಕಾ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಟಂಟಂ ಗುಂಡಿಯಲ್ಲಿ ಕುಕ್ಕಿದಾಗಲೆಲ್ಲ ಅಂಗೈ ಅಗಲಿಸಿ ಗಾಜಿನ ಮೇಲೆ ಇಡುತ್ತಿದ್ದ. "ತಪ್ಪಾಯ್ತು ಕಾಕಾ" ಎನ್ನಬೇಕೆಂದು ಪೂನಂ ರಾಜೇಶ್ವರ ಬರುವವರೆಗೂ ಅಂದುಕೊಂಡಳು. ಇಳಿದ ಮೇಲೆ ಹೇಳಿದಳು. ಅವನು ಅವಳ ತಲೆ ಮುಟ್ಟಿ, ಫೋಟೋ ಅಪ್ಪಿಕೊಂಡು ನಡೆದ.

ಭಾನುವಾರ ಕಾಕಾನ ಮನೆಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ, ಅವುಗಳ ಕೆಳಗೆ ಕಮಳಾಬಾಯಿ. ಮೇಣದಬತ್ತಿಗಳು ಉರಿಯುತ್ತಿದ್ದವು. ವಂದನೆ ಮುಗಿಯಿತು. ಜನ ಒಬ್ಬೊಬ್ಬರಾಗಿ ಬಂದು ಹೂವು ಇಟ್ಟು ಕೈಮುಗಿದರು.

ಪೂನಂ ತನ್ನ ಅವ್ವ ದ್ರೌಪತಿಯ ಹಿಂದೆ, ಗೋಡೆಗೆ ಅಂಟಿ ಕೂತಿದ್ದಳು. ಬಂದವರೆಲ್ಲ ಒಂದು ಕ್ಷಣ ಹೆಚ್ಚು ನಿಲ್ಲುತ್ತಿದ್ದರು. ತಲೆ ಓರೆ ಮಾಡುತ್ತಿದ್ದರು. ಓದುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ತನ್ನ ಹೆಸರು ಇಷ್ಟು ಜನ ಯಾವತ್ತೂ ಓದಿರಲಿಲ್ಲ.

ಹೂವು ರಾಶಿಯಾಯಿತು. ಫೋಟೋದ ಕೆಳಗಿನ ಅಂಚು ಮುಚ್ಚಿಹೋಯಿತು.

ಹುಲಸೂರಿನಿಂದ ಬಂದ ಬೀಗರ ಜೊತೆ ಒಬ್ಬ ಪುಟ್ಟ ಹುಡುಗಿ ಇದ್ದಳು. ಈಗಷ್ಟೇ ಓದಲು ಕಲಿತಿದ್ದವಳು. ಎಲ್ಲರೂ ಸುಮ್ಮನಿದ್ದಾಗ ಅವಳ ದನಿ ಮನೆ ತುಂಬ ಕೇಳಿತು.

"ಪೂ... ನಂ. ರಾ... ಜೇ... ಶ್ವ... ರ. ಅವ್ವಾ, ಸತ್ತ ಆಯಿ ಹೆಸ್ರು ಪೂನಂ ಏನು?"

"ಏ, ಸುಮ್ನಿರು!"

ಧಮ್ಮಪಾಲ ಕಾಕಾ ತಲೆ ತಗ್ಗಿಸಿ ಕೂತಿದ್ದ. ಏಳಲಿಲ್ಲ.

ಪೂನಂಳ ಕಿವಿ ಬಿಸಿಯಾಯಿತು. ಎದ್ದು ಹೊರಗೆ ಓಡಬೇಕು ಎನಿಸಿತು. ಎದ್ದಳು. ಜನರ ನಡುವೆ ಕಾಲಿಡುತ್ತ ಫೋಟೋದ ಹತ್ತಿರ ಹೋದಳು.

"ಅಲ್ಲ ಪುಟ್ಟಿ. ಪೂನಂ ಅಂದ್ರ ನಾ," ಎಂದಳು. ಎಲ್ಲರೂ ನೋಡುತ್ತಿದ್ದರು. "ನಾನೇ ಬರದೀನಿ. ಆಯಿ ಹೆಸ್ರು ಬ್ಯಾರೆ ಅದ."

"ಏನದ?"

ಪೂನಂ ಬಗ್ಗಿ ಎರಡೂ ಕೈಯಿಂದ ಹೂವು ಸರಿಸಿದಳು. ಕಪ್ಪು ಅಕ್ಷರಗಳು ಕಂಡವು.

"ಓದು."

ಹುಡುಗಿ ಮಂಡಿಯೂರಿ ಬೆರಳಿಟ್ಟಳು. "ಕ... ಮ..." ಎಂದಳು. ಮೂರನೆಯ ಅಕ್ಷರಕ್ಕೆ ನಿಂತಳು. ಪೂನಂಳ ಮುಖ ನೋಡಿದಳು.

ಪೂನಂ ಹೇಳಿಕೊಡಲಿಲ್ಲ. ಹೂವು ಮತ್ತೆ ಜಾರದಂತೆ ಹಿಡಿದುಕೊಂಡು, ಕೊನೆಯ ಅಕ್ಷರದವರೆಗೂ ಕಾಯುತ್ತ ಕೂತಳು.